ಚೆಸ್ಟರ್ ನಗರದ ಕೋಟೆಗೋಡೆಯೂ ಜನರ ವಿಹಾರಮಾರ್ಗವೂ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ವೇಲ್ಸ್ ಸೀಮೆಯ ಗಡಿಗೆ ಸಮೀಪವಾಗಿ, ಡೀ ನದಿಯ ದಡದಲ್ಲಿ ಚೆಸ್ಟರ್ ಎಂಬ ಸಣ್ಣ ನಗರವಿದೆ. ಅದರ ಹಳೆಯ ಊರನ್ನು ಬಳಸಿಕೊಂಡಿರುವ ಕೋಟೆಗೋಡೆಯ ಸುತ್ತಳತೆ ಎರಡು ಮೈಲಿಗೆ ತುಸು ಕಡಮೆ. ಆ ದೇಶದ ಪಟ್ಟಣಗಳ ಕೋಟೆಗಳಲ್ಲಿ ಬಹುಮಟ್ಟಿಗೆ ಪೂರ್ತಿಯಾಗಿ ಉಳಿದುಬಂದಿರುವ ಸುತ್ತು ಇದೆಂದು ಪ್ರಸಿದ್ಧಿಯುಂಟು. ಗೋಡೆಯ ತಲೆಯ ಮೇಲೆ ಚಪ್ಪಡಿ ಹಾಸಿದ ಕಾಲುದಾರಿ ಇದೆ. ಊರ ಜನರು ಬೆಳಗ್ಗೆ ಸಂಜೆ ಅದರ ಮೇಲೆ ತಿರುಗಾಡುತ್ತಾರೆ. ಪರಸ್ಥಳದವರು ಒಂದು ಸುತ್ತು ಬಂದಲ್ಲದೆ ಊರನ್ನು ನೋಡಿದಂತಾಯಿತೆಂದು ತಿಳಿಯುವುದಿಲ್ಲ. ಒಂದು ಕಡೆ ಹಳೆಯ ಮಠಾಲಯದ ತೋಟ, ಒಂದು ಕಡೆ ನದಿಯ ಕಟ್ಟೆಯಲ್ಲಿ ಮೊರೆಯುವ ನೀರು, ಮತ್ತೊಂದು ಕಡೆ ಕುದುರೆಪಂದ್ಯದ ಬಯಲು, ದೂರದಲ್ಲಿ ವೇಲ್ಸಿನ ಬೆಟ್ಟಗಳು. ಇವೆಲ್ಲವೂ ಒಂದೇ ಸುತ್ತಿನಲ್ಲಿ ಕಣ್ಣಿಗೆ ಬೀಳುತ್ತವೆ.

ಇದನ್ನು ಕಂಡವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಪ್ರಾಚೀನವಾದ ಕೋಟೆಯು ಅದೃಷ್ಟವಶದಿಂದ ಉಳಿಯಿತು, ಉಳಿದುದರಿಂದ ಜನರಿಗೆ ನಡೆಯಲು ಅನುಕೂಲವಾಯಿತು ಎಂದು. ದಾಖಲೆಗಳನ್ನು ನೋಡಿದರೆ ಈ ಕಾರ್ಯಕಾರಣಸಂಬಂಧವನ್ನು ತಲೆಕೆಳಗು ಮಾಡಬೇಕಾಗಿ ತೋರುತ್ತದೆ. ಗೋಡೆ ಉಳಿದುದರಿಂದ ಜನರು ನಡೆದುದಲ್ಲ. ಜನರು ನಡೆಯುತ್ತಿದ್ದುದರಿಂದ ಗೋಡೆ ಉಳಿಯಿತು. ಆದರೆ ಹಾಗೆ ಉಳಿಸಿಕೊಂಡ ಜನರೇ ಅದರ ಕೋಟೆತನವನ್ನು ಸ್ವಲ್ಪ ಸ್ವಲ್ಪವಾಗಿ ಕಿತ್ತುಹಾಕಿದರೆಂಬುದೂ ಅಷ್ಟೇ ನಿಜ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಗೋಡೆಯ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಕ್ರಿ. ಶ. ೭೦ರಿಂದ ೮೦ರವರೆಗಿನ ದಶಕದಲ್ಲಿ ರೋಮನರು ಇಲ್ಲಿ ದೇವಾ ಎಂಬ ಹೆಸರಿನ ದಂಡಿನ ಕೋಟೆಯನ್ನು ಕಟ್ಟಿದರು. (ಈ ಹೆಸರು ನದಿಯಿಂದ ಬಂದುದು, ನಮ್ಮ ‘ದೇವ’ ಶಬ್ದಕ್ಕೂ ಇದಕ್ಕೂ ದೂರದ ನಂಟುಂಟೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.) ಕ್ರಿ. ಶ. ೭೯ನೆಯ ಇಸವಿಯನ್ನೂ ಅಗ್ರಿಕೋಲನ ಹೆಸರನ್ನೂ ಹೊತ್ತ ಸೀಸದ ನೀರುಕೊಳವೆಗಳು ಇಲ್ಲಿ ಸಿಕ್ಕಿವೆ. ಮುಂದೆ ಇಪ್ಪತ್ತನೆಯ ದಂಡು ಇಲ್ಲಿ ಬಹುಕಾಲ ನೆಲೆಸಿತು. ಮಣ್ಣಿನ ಏರಿಯ ಮುಂದೆ ಕಲ್ಲಿನ ಗೋಡೆ ಎದ್ದಿತು. ೯೦೭ರಲ್ಲಿ ಮರ್ಸಿಯದ ಒಡತಿ ಏಥೆಲ್‌ಫ್ಲೆಡ್ ಹಾಳುಬಿದ್ದ ಊರನ್ನು ಮತ್ತೆ ಭದ್ರಪಡಿಸಿದಳು. ನಾರ್ಮನರ ಕಾಲದ ಅನಂತರ ದಕ್ಷಿಣಕ್ಕೂ ಪಶ್ಚಿಮಕ್ಕೂ ಕೋಟೆಯನ್ನು ನದಿಯ ಕಡೆ ಹಿಗ್ಗಿಸಿದರು. ಆದುದರಿಂದ ಇಂದಿನ ಗೋಡೆಯ ಉತ್ತರ ಮತ್ತು ಪೂರ್ವ ಪಾರ್ಶ್ವಗಳು ರೋಮನರ ರೇಖೆಯನ್ನು ಅನುಸರಿಸಿದರೆ, ಉಳಿದೆರಡು ಪಾರ್ಶ್ವಗಳು ಮಧ್ಯಯುಗದವು. ೧೩೨೨ರಿಂದ ಕೆಲವು ವರ್ಷಗಳಲ್ಲಿ ಜಾನ್ ಡಿ ಹೆಲ್ಪ್‌ಸ್ಟನ್ ಎಂಬ ಕಲ್ಲುಕುಟಿಗನು ೧೦೦ ಪೌಂಡುಗಳಿಗೆ ಗುತ್ತಿಗೆ ಹಿಡಿದು ವಾಯವ್ಯದ ಮೂಲೆಯಿಂದ ಹೊಳೆಯೊಳಕ್ಕೆ ಚಾಚಿದಂತೆ ನೀರಬುರುಜನ್ನು ಕಟ್ಟಿದನು. ಹಡಗುಗಳು ಅದರ ಬುಡದಲ್ಲಿ ಹಾದುಹೋಗುತ್ತಿದ್ದುವು. ಇಂದು ಆ ಬುರುಜಿನ ಸುತ್ತ ಹುಲ್ಲು ಬೆಳೆದಿದೆ. ಹೊಳೆ ದೂರ ಸರಿದಿದೆ.

ಗೋಡೆಯ ದುರಸ್ತಿಗೆ ಹಣವೆಲ್ಲಿಂದ ಬರುತ್ತಿತ್ತೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ; ಏಕೆಂದರೆ ಮುಂದಣ ಕಥೆಯೆಲ್ಲ ಇದನ್ನೇ ಆಶ್ರಯಿಸಿದೆ. ಮಧ್ಯಯುಗದ ಅರಸರು ಪಟ್ಟಣಗಳಿಗೆ ಗೋಡೆಸುಂಕವನ್ನೆತ್ತುವ ಅಧಿಕಾರವನ್ನು ಕೊಡುತ್ತಿದ್ದರು. ಊರೊಳಕ್ಕೆ ಬರುವ ಸರಕಿನ ಮೇಲೆ ಅಲ್ಪ ತೆರಿಗೆಯನ್ನು ವಸೂಲುಮಾಡಿ ಅದನ್ನು ಕೋಟೆಯ ಕೆಲಸಕ್ಕೇ ವಿನಿಯೋಗಿಸಬೇಕು. ಚೆಸ್ಟರಿನಲ್ಲಿ ಇದಕ್ಕಾಗಿ ಮುರೆಂಜರ್ ಎಂಬ ಬಿರುದುಳ್ಳ ಅಧಿಕಾರಿಗಳನ್ನು ಪೌರಸಭೆ ನೇಮಿಸುತ್ತಿತ್ತು. ಗೋಡೆಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಮೂರುಸ್’ ಎಂಬ ಶಬ್ದದಿಂದ ಹುಟ್ಟಿದ ಹೆಸರಿದು. ನಮ್ಮಲ್ಲಿ ಕೆರೆಯ ಏರಿಯನ್ನು ಕಾಪಾಡಲು ಬಿಟ್ಟ ಕಟ್ಟುಕೊಡಗೆಯ ಹೊಲಗದ್ದೆಗಳ ವಿಷಯವನ್ನು ಶಾಸನಗಳಲ್ಲಿ ಓದಿರುವವರಿಗೆ ಈ ಏರ್ಪಾಡು ಹೊಸದೆನಿಸಲಾರದು. ಒಂದು ಕಟ್ಟಡಕ್ಕೆ ಅದರದೇ ಆದ ಆದಾಯ ಗೊತ್ತಾಗಿದ್ದರೆ ಅದು ಬಾಳುತ್ತದೆ. ಸಾಮಾನ್ಯ ಬೊಕ್ಕಸದ ದಯೆಗೆ ಬಿದ್ದರೆ ಅದರ ಬಾಳು ಅನಿಶ್ಚಿತ.

ಈ ಗೋಡೆ ಕೋಟೆಯಾಗಿ ಕೆಲಸಮಾಡಿದ ಕೊನೆಯ ಸಂದರ್ಭವೆಂದರೆ ೧೭ನೆಯ ಶತಮಾನದ ಅಂತಃಕಲಹ. ಊರು ಒಂದನೆಯ ಚಾರ್ಲ್ಸ್ ಅರಸನ ಪಕ್ಷದಲ್ಲಿತ್ತು. ೧೬೪೫ನೆಯ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟಿನ ಪಕ್ಷದವರ ತೋಪುಗಳು ಹೊಸಬಾಗಿಲಿನ ಹತ್ತಿರ ಗೋಡೆಯನ್ನು ಒಡೆದುವು. ಎರಡು ದಿನಗಳ ಮೇಲೆ, ೨೪ನೆಯ ತಾರೀಖು, ರೌಟನ್ ಬಯಲಿನಲ್ಲಿ ಸೋತ ತನ್ನ ಕುದುರೆದಳವು ಚದರಿ ಬರುತ್ತಿದ್ದುದನ್ನು ಅರಸನು ಈಶಾನ್ಯ ಮೂಲೆಯ ಬುರುಜಿನಿಂದ ನೋಡಿದನೆಂದು ಹೇಳುತ್ತಾರೆ. ಆ ಬುರುಜಿಗೆ ಇಂದಿಗೂ ಅವನ ಹೆಸರಿದೆ. ೧೬೪೬ನೆಯ ಫೆಬ್ರವರಿಯಲ್ಲಿ ಊರು ಹಸಿವಿನಿಂದ ಕಂಗೆಟ್ಟು ಶರಣಾಯಿತು.

ಇಲ್ಲಿಂದ ಮುಂದೆ ಇಂಗ್ಲೆಂಡಿನ ಊರಕೋಟೆಗಳಿಗೆಲ್ಲ ಕೇಡುಗಾಲ ಬಂದಿತೆನ್ನಬೇಕು. ಅರಸುತನ ಮರಳಿ ಸ್ಥಾಪಿತವಾದ ಮೇಲೆ ಎರಡನೆಯ ಚಾರ್ಲ್ಸನು ತನ್ನ ತಂದೆಗೆ ಎದುರುಬಿದ್ದಿದ್ದ ಕವೆಂಟ್ರಿ, ಗ್ಲಾಸ್ಟರ್ ಮೊದಲಾದ ಊರುಗಳ ಗೋಡೆಗಳನ್ನು ಕೆಡಹಿಸಿದನು. ಚೆಸ್ಟರ್ ಅರಸನ ಪಕ್ಷದ್ದಾದುದರಿಂದ ಆ ದಂಡನೆಗೆ ಒಳಗಾಗಲಿಲ್ಲ. ಆದರೆ ಕೆಡಹಿಸದೆ ಬಿಟ್ಟ ಮಾತ್ರಕ್ಕೆ ಗೋಡೆ ಉಳಿಯುವುದೆಂಬ ಭರವಸೆಯಿಲ್ಲ. ಕೆಲಸವಿಲ್ಲದ ಗೋಡೆಯೆಂದರೆ ಊರವರಿಗೆ ಬಿಟ್ಟಿ ಕಲ್ಲಿನ ಗಣಿ. ಲಂಡನ್ ನಗರವು ೧೭೬೦ರಲ್ಲಿ ತನ್ನ ಹೆಬ್ಬಾಗಿಲುಗಳನ್ನು ಕೀಳಿಸಿ ಸಾಮಾನನ್ನು ಮಾರಲು ತೊಡಗಿತು. ಯಾರ್ಕ್ ನಗರದ ಪೌರಸಭೆ ೧೮೦೦ರಲ್ಲಿ ತನ್ನ ಗೋಡೆಯನ್ನು ಒಡೆಯಲು ಪಾರ್ಲಿಮೆಂಟಿನ ಅನುಮತಿಯನ್ನು ಬಯಸಿತು. ಅಲ್ಲಿ ಮುಂದೆ ದೊಡ್ಡ ವಿವಾದವೆದ್ದು, ಕೆಲವು ಬಾಗಿಲುಗಳ ಹೊರಚಾಚುಗಳು ನೆಲಸಮವಾದ ಮೇಲೆ, ಉಳಿದುದು ಬದುಕಿಕೊಂಡಿತು. ಚೆಸ್ಟರಿನಲ್ಲಿ ಇಂಥ ವಿವಾದವೇ ಏಕೆ ಏಳಲಿಲ್ಲವೆಂಬುದು ನಮ್ಮ ಪ್ರಶ್ನೆ.

ಉತ್ತರವು ಒಬ್ಬ ಹೆಂಗಸಿನ ಪ್ರವಾಸದ ಬರಹದಲ್ಲಿ ಸಿಗುತ್ತದೆ. ಸೀಲಿಯ ಫೈನ್ಸ್ ಎಂಬಾಕೆ ೧೬೯೮ರಲ್ಲಿ ಕುದುರೆಯ ಮೇಲೆ ಇಂಗ್ಲೆಂಡನ್ನು ಸುತ್ತುತ್ತ ಚೆಸ್ಟರಿಗೆ ಬಂದಳು. ಊರ ಸುತ್ತ ತೆನೆಗಳುಳ್ಳ ಗೋಡೆಯಿರುವುದನ್ನೂ, ಅದರ ಮೇಲೆ ಕಲ್ಲುಹಾಸಿನ ದಾರಿ ಸುತ್ತಲೂ ಹೋಗಿರುವುದನ್ನೂ, ತಾನು ಹೆಚ್ಚುಕಡಮೆ ಪೂರ್ತಿ ಸುತ್ತು ನಡೆದುದನ್ನೂ ಆಕೆ ಬರೆದಿಟ್ಟಿದ್ದಾಳೆ. ಶರಣಾಗತಿಯಾಗಿ ಐವತ್ತೆರಡು ವರ್ಷಗಳಾಗಿದ್ದುವಷ್ಟೆ. ಆಗಲೇ ಕಾವಲಾಳು ತಿರುಗುತ್ತಿದ್ದ ಎಡೆಯಲ್ಲಿ ಒಬ್ಬ ಪ್ರವಾಸಿ ಹೆಂಗಸು ನಿರಾತಂಕವಾಗಿ ನಡೆಯುತ್ತಿದ್ದಾಳೆ.

ಈ ಸಾಕ್ಷ್ಯವನ್ನು ಗಮನಿಸದವರು ಚೆಸ್ಟರಿನ ವಿಹಾರಮಾರ್ಗವು ೧೭೦೭ರಲ್ಲಿ ‘ಸೃಷ್ಟಿ’ಯಾಯಿತೆಂದು ಬರೆಯುತ್ತಾರೆ. ಆ ವರ್ಷ ಪೌರಸಭೆಯು ಗೋಡೆಯನ್ನು ದುರಸ್ತುಮಾಡಿ ಮೇಲಣ ದಾರಿಗೆ ಹೊಸ ಚಪ್ಪಡಿ ಹಾಸಲು ೧೦೦೦ ಪೌಂಡುಗಳನ್ನು ವಿನಿಯೋಗಿಸಿದುದು ನಿಜ. ಅಂದಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಸಭೆ ಹೊಸದೇನನ್ನೂ ಕಲ್ಪಿಸಲಿಲ್ಲ. ಜನರು ಆಗಲೇ ಮಾಡಿಕೊಂಡಿದ್ದ ಅಭ್ಯಾಸವನ್ನು ಒಪ್ಪಿ ಅದಕ್ಕೆ ಹಣ ಕೊಟ್ಟಿತು. ಕನ್ನಡದಲ್ಲಿ ‘ನಡೆವಳಿ’ ಎಂಬ ಮಾತಿಗೆ ಆಚಾರವೆಂಬ ಅರ್ಥ ಬಂದಿರುವುದು ‘ನಡೆ’ ಎಂಬ ಧಾತುವಿನಿಂದ. ಚೆಸ್ಟರಿನಲ್ಲಿ ಆ ಎರಡು ಅರ್ಥಗಳೂ ಕೂಡಿಕೊಂಡಿವೆ: ಜನರ ನಡೆ ಮೊದಲು, ಸಭೆಯ ನಿರ್ಣಯ ಅನಂತರ.

ಸಭೆಯವರಿಗೆ ಹಾಗೆ ಹಣ ಕೊಡಲು ಮನಸ್ಸು ಬಂದುದಕ್ಕೂ ಕಾರಣವುಂಟು. ಡೀ ನದಿಯ ಅಳಿವೆ ಹೂಳಿನಿಂದ ತುಂಬುತ್ತ ಬಂದು ಚೆಸ್ಟರಿನ ಬಂದರು ಇಳಿಮುಖವಾಗಿತ್ತು. ೧೭೩೦ರ ಸುಮಾರಿನಲ್ಲಿ ನದಿಗೆ ಹೊಸ ಪಾತ್ರವನ್ನೇ ತೋಡಿದರೂ ಹಳೆಯ ವೈಭವ ಮರಳಲಿಲ್ಲ. ಕಡಲ ವ್ಯಾಪಾರ ಲಿವರ್‌ಪೂಲಿಗೆ ಹೋಯಿತು. ವ್ಯಾಪಾರ ಕುಂದಿದ ಊರು ಸುತ್ತಲ ಸೀಮೆಯ ಜಮೀನುದಾರರಿಗೆ ಚಳಿಗಾಲದ ವಾಸಸ್ಥಳವಾಗಿ, ನ್ಯಾಯಸ್ಥಾನ, ಕುದುರೆಪಂದ್ಯ, ನೃತ್ಯಕೂಟ, ಅಂಗಡಿಬೀದಿ ಇವುಗಳಿಂದ ಜೀವಿಸತೊಡಗಿತು. ಅಂಥ ಜನರಿಗೆ ಒಬ್ಬರನ್ನೊಬ್ಬರು ಕಾಣುತ್ತ ತಿರುಗಾಡಲು ಕೆಸರಿಲ್ಲದ ಒಂದು ದಾರಿ ಬೇಕು. ಬೇರೆ ಊರುಗಳು ಇದಕ್ಕಾಗಿ ಸಾಲುಮರಗಳ ಬೀದಿಗಳನ್ನು ಹೊಸದಾಗಿ ಮಾಡಿಸಿದುವು. ಚೆಸ್ಟರಿಗೆ ಗೋಡೆ ಸಿದ್ಧವಾಗಿಯೇ ಇತ್ತು. ಡೇನಿಯಲ್ ಡೀಫೋ ತನ್ನ ಪ್ರವಾಸಗ್ರಂಥದಲ್ಲಿ (೧೭೨೪–೧೭೨೭) ಈ ಊರ ಗೋಡೆ ಒಳ್ಳೆಯ ಸ್ಥಿತಿಯಲ್ಲಿರುವುದನ್ನೂ ಅದರ ಮೇಲಣ ನಡಿಗೆ ಹಿತಕರವಾಗಿರುವುದನ್ನೂ ಹೊಗಳಿದ್ದಾನೆ.

ಇನ್ನು ಈ ಸೊಗಸಿಗೆ ಬೆಲೆ ಕೊಟ್ಟವರು ಯಾರು? ಗೋಡೆಸುಂಕವನ್ನು ಸಭೆ ನಿಲ್ಲಿಸಲಿಲ್ಲ. ಕಡಲಾಚೆಯಿಂದ ಬರುವ ಸರಕಿನ ಮೇಲೆ, ಊರಿನ ಪೌರಹಕ್ಕಿಲ್ಲದ ವ್ಯಾಪಾರಿಗಳಿಂದ ಅದನ್ನು ಎತ್ತುತ್ತಿದ್ದರು. ೧೮ನೆಯ ಶತಮಾನದಲ್ಲಿ ಅದರ ಹೆಚ್ಚಿನ ಭಾಗ ಐರ್ಲೆಂಡಿನ ನಾರುಬಟ್ಟೆಯಿಂದ ಬರುತ್ತಿತ್ತೆಂದು ಥಾಮಸ್ ಪೆನೆಂಟ್ ಬರೆದಿದ್ದಾನೆ. ಎಂದರೆ, ಶತ್ರುವನ್ನು ತಡೆಯಲೆಂದು ಅರಸನು ಅನುಗ್ರಹಿಸಿದ ಸುಂಕವು ಶತ್ರುವೇ ಇಲ್ಲದ ಕಾಲದಲ್ಲಿಯೂ ನಡೆಯುತ್ತಿತ್ತು. ಐರ್ಲೆಂಡಿನ ನೇಯ್ಗೆಯವನು ನೇಯ್ದ ಬಟ್ಟೆಯ ಮೇಲಿನ ಕಾಸು ಚೆಸ್ಟರಿನ ದೊಡ್ಡಮನುಷ್ಯರ ಕಾಲಕೆಳಗಿನ ಚಪ್ಪಡಿಯಾಗುತ್ತಿತ್ತು. ಇದು ನ್ಯಾಯವೇ ಎಂದು ಕೇಳುವುದು ಸುಲಭ. ಆದರೆ ಈ ವಿಚಿತ್ರವಾದ ಏರ್ಪಾಡಿಲ್ಲದಿದ್ದಲ್ಲಿ ಊರವರು ತಮ್ಮ ಕೈಯಿಂದ ಹಣ ಹಾಕಿ ಎರಡು ಮೈಲಿಯ ಗೋಡೆಯನ್ನು ಕಾಯುತ್ತಿದ್ದರೆಂದು ನಂಬುವುದು ಕಷ್ಟ.

೧೭೭೪ನೆಯ ಇಸವಿ ಈ ದಾರಿಯ ಚರಿತ್ರೆಯಲ್ಲಿ ನೆನಪಿಡತಕ್ಕದ್ದು. ಆ ವರ್ಷದ ಜುಲೈ ತಿಂಗಳಲ್ಲಿ ಡಾಕ್ಟರ್ ಸ್ಯಾಮ್ಯುಅಲ್ ಜಾನ್ಸನ್ ಥ್ರೇಲ್ ದಂಪತಿಗಳೊಡನೆ ವೇಲ್ಸಿಗೆ ಹೋಗುವ ದಾರಿಯಲ್ಲಿ ಚೆಸ್ಟರಿನಲ್ಲಿ ತಂಗಿದನು. ನಿಘಂಟುಕಾರನ ಸ್ವಭಾವಕ್ಕೆ ತಕ್ಕಂತೆ ಗೋಡೆಯ ಅಳತೆಯನ್ನು ಮೈಲಿ, ಮುಕ್ಕಾಲು ಮೈಲಿ, ಗಜಗಳ ಲೆಕ್ಕದಲ್ಲಿ ದಿನಚರಿಯಲ್ಲಿ ಬರೆದುಕೊಂಡನು. ಇಬ್ಬರು ಪಕ್ಕಪಕ್ಕದಲ್ಲಿ ಸಲೀಸಾಗಿ ನಡೆಯಬಹುದೆಂದೂ, ಒಳಗಡೆ ಕಟಕಟೆಯಿದೆಯೆಂದೂ ಸೇರಿಸಿದನು. ಥ್ರೇಲ್ ದಂಪತಿಗಳ ಮಗಳು, ಇನ್ನೂ ಹತ್ತು ತುಂಬದ ಹುಡುಗಿ, ಅವನ ಸಂಗಡವಿದ್ದಳು. ಮಲಗುವ ಹೊತ್ತು ಮೀರಿದರೂ ಅವನು ಆ ಮಗುವನ್ನು ಕತ್ತಲಲ್ಲಿ ಗೋಡೆಯ ಮೇಲೆ ನಡೆಸುತ್ತಿದ್ದುದನ್ನು ಕಂಡು ತಾಯಿಗೆ ಬಲು ಸಿಟ್ಟು ಬಂದಿತು. ಬೆಳಕಿಲ್ಲದೆ ಮಗುವಿಗೋ, ದೃಷ್ಟಿಮಾಂದ್ಯವಿದ್ದ ಆ ದೊಡ್ಡ ದೇಹದ ಪಂಡಿತನಿಗೋ ಅಪಾಯವಾದೀತೆಂದು ಆಕೆಗೆ ಭಯ. ತನ್ನೊಡತಿ ನಿಜವಾಗಿ ಮುನಿದುದನ್ನು ತಾನು ಚೆಸ್ಟರಿನ ಗೋಡೆಯ ಮೇಲೆ ಮಾತ್ರ ಕಂಡೆನೆಂದು ಜಾನ್ಸನ್ ಮುಂದೆ ಬಹುಕಾಲ ಹೇಳಿಕೊಳ್ಳುತ್ತಿದ್ದನಂತೆ. ಈ ಕಥೆ ಸ್ವಾರಸ್ಯವಾಗಿರುವುದಲ್ಲದೆ ಪ್ರಮಾಣವೂ ಆಗಿದೆ: ಆ ಕಾಲದಲ್ಲಿ ಗೋಡೆ ರಾತ್ರಿಯೂ ತೆರೆದಿರುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ, ದೀಪವಿರಲಿಲ್ಲ ಎಂಬುದು ಇದರಿಂದ ತಿಳಿಯಬರುತ್ತದೆ.

ಅದೇ ವರ್ಷ ಜಾನ್ ಹೇಗಾರ್ತ್ ಎಂಬ ವೈದ್ಯನು ಊರಿನ ಜನರನ್ನು ಮನೆಮನೆಯಾಗಿ ಎಣಿಸಿದನು. ಒಟ್ಟು ೧೪,೭೧೩ ಮಂದಿ. ಗೋಡೆಯ ಹೊರಗಣ ಕೇರಿಗಳಲ್ಲಿ ಬಡವರು ಇಕ್ಕಟ್ಟಾದ, ಕೊಳಕಾದ ಸಣ್ಣ ಮನೆಗಳಲ್ಲಿ ತುಂಬಿಕೊಂಡು ಜ್ವರದಿಂದ ನರಳುತ್ತಿದ್ದುದನ್ನೂ, ಊರ ನಡುವಣ ಭಾಗ ಅದಕ್ಕಿಂತ ಎಷ್ಟೋ ಆರೋಗ್ಯಕರವಾಗಿದ್ದುದನ್ನೂ ಅವನು ಲೆಕ್ಕಗಳಿಂದ ತೋರಿಸಿದನು. ವಿಹಾರಮಾರ್ಗದ ಸೊಗಸನ್ನು ವರ್ಣಿಸುವವರು ಈ ವರದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಗೋಡೆಯ ಮೇಲೆ ಗಾಳಿ ಸೇವಿಸುತ್ತಿದ್ದವರ ಕಣ್ಣಿಗೆ ಹೊರಗೇರಿಗಳ ಹೊಗೆ ಕಾಣುತ್ತಲೇ ಇದ್ದಿರಬೇಕು. ಹಣ ಕೊಡದೆ ಏರಬಹುದಾದ ದಾರಿಯಾಗಿದ್ದರೂ, ಅದನ್ನು ಏರಿ ತಿರುಗಾಡಲು ಬಿಡುವೂ ಬಟ್ಟೆಯೂ ಇದ್ದವರು ಅರ್ಧ ಊರಷ್ಟೂ ಇದ್ದಿರಲಾರರು.

ಈಗ ಕೋಟೆತನ ಹೋದ ಬಗೆಯನ್ನು ನೋಡೋಣ. ಕನ್ನಡದಲ್ಲಿ ಕೋಟೆಯ ಅಂಗಗಳಿಗೆ ಅಗಳು, ಕೊತ್ತಳ, ತೆನೆ, ಆಳ್ವೇರಿ, ದಿಡ್ಡಿ ಎಂದು ಬೇರೆ ಬೇರೆ ಹೆಸರುಗಳಿವೆ. ಚೆಸ್ಟರಿನಲ್ಲಿ ಇವುಗಳಲ್ಲಿ ಒಂದೊಂದೂ ವಿಹಾರಕ್ಕೆ ಬಲಿಯಾಯಿತೆನ್ನಬಹುದು. ನೋಟಕ್ಕೆ ಅಡ್ಡವಾಗಿದ್ದ ತೆನೆಗಳ ಬದಲು ಎದೆಯೆತ್ತರದ ಮೋಟುಗೋಡೆ ಬಂದಿತು. ಉತ್ತರದ ಅಗಳಿನ ಜಾಡಿನಲ್ಲಿ ೧೭೭೦ರ ದಶಕದಲ್ಲಿ ಬಂಡೆಯನ್ನು ಕಡಿದು ದೋಣಿಗಾಲುವೆ ತೋಡಿದರು. ಕೆಲವು ಬುರುಜುಗಳನ್ನು ತಗ್ಗಿಸಿದರು. ಅಲ್ಲಲ್ಲಿ ಹೊಸ ಮೆಟ್ಟಿಲುಗಳಾದುವು. ೧೭೮೫ರಲ್ಲಿ ಆಗ್ನೇಯ ಮೂಲೆಯಲ್ಲಿ ಕಟ್ಟಿದ ಮೆಟ್ಟಿಲುಗಳನ್ನು ಉಸಿರು ಬಿಡದೆ ಓಡಿ ಹತ್ತಿಳಿದವರ ಇಷ್ಟಾರ್ಥ ನೆರವೇರುವುದೆಂಬ ನಂಬಿಕೆ ಕೂಡ ಹುಟ್ಟಿಕೊಂಡಿತು.

ಎಲ್ಲಕ್ಕಿಂತ ದೊಡ್ಡ ಮಾರ್ಪಾಡಾದುದು ಹೆಬ್ಬಾಗಿಲುಗಳಲ್ಲಿ. ಮೂಡಣ ಬಾಗಿಲನ್ನು ೧೭೬೮ರಲ್ಲಿ ಕೆಡಹಿ ಗ್ರೋವ್‌ನರ್ ಪ್ರಭುವಿನ ವೆಚ್ಚದಲ್ಲಿ ಅಗಲವಾದ ಕಮಾನನ್ನು ಕಟ್ಟಿದರು. ಸೇತುವೆಯ ಬಾಗಿಲು ೧೭೮೨ರಲ್ಲಿಯೂ, ನೀರಬಾಗಿಲು ಅದೇ ದಶಕದ ಕೊನೆಯಲ್ಲಿಯೂ ಹೊಸದಾದುವು. ಬಡಗಣ ಬಾಗಿಲಿನ ಮೇಲೆ ಊರ ಸೆರೆಮನೆಯಿತ್ತು. ಅದನ್ನು ತೆಗೆದುಹಾಕಿ ೧೮೧೦ರ ಹೊತ್ತಿಗೆ ಥಾಮಸ್ ಹ್ಯಾರಿಸನ್ ಎಂಬ ಶಿಲ್ಪಿಯು ಗ್ರೀಕರ ಮಾದರಿಯ ಕಮಾನನ್ನು ನಿಲ್ಲಿಸಿದನು. ಗಾಡಿಗಳ ಓಡಾಟಕ್ಕೆ ಹಳೆಯ ಇಕ್ಕಟ್ಟಾದ ಬಾಗಿಲುಗಳು ಅಡ್ಡಿಯಾಗಿದ್ದುದೇ ಈ ಕೆಲಸಕ್ಕೆ ಕಾರಣ. ಬೇರೆ ಊರುಗಳು ಇದೇ ಕಾರಣಕ್ಕಾಗಿ ಬಾಗಿಲುಗಳನ್ನು ಕಿತ್ತು ಅಲ್ಲಿ ಬಯಲು ಬಿಟ್ಟುವು. ಚೆಸ್ಟರಿನವರು ಹಾಗೆ ಬಿಡಲಿಲ್ಲ. ಪ್ರತಿಯೊಂದು ಎಡೆಯಲ್ಲಿಯೂ ಗೋಡೆಯ ಮೇಲಣ ದಾರಿ ಕಡಿಯದಂತೆ ಕಮಾನಿನ ಮೇಲೆ ಅದನ್ನು ದಾಟಿಸಿದರು. ಬಾಗಿಲೆಂಬುದು ತಡೆಯುವ ಸಾಧನ. ಇಲ್ಲಿ ಅದು ಸೇತುವೆಯಾಯಿತು: ಕೆಳಗೆ ಚಕ್ರಗಳು, ಮೇಲೆ ಕಾಲುಗಳು, ಒಂದಕ್ಕೊಂದು ಅಡ್ಡಬಾರದಂತೆ. ವಿಹಾರವೇ ಗೋಡೆಯನ್ನು ಉಳಿಸಿತೆಂಬ ನನ್ನ ಮಾತಿಗೆ ಈ ಕಮಾನುಗಳಿಗಿಂತ ಬಲವಾದ ಸಾಕ್ಷಿ ಬೇಡ. ನಡೆಯುವವರಿಲ್ಲದಿದ್ದರೆ ಬಾಗಿಲಿನ ಜಾಗದಲ್ಲಿ ಕಮಾನು ಕಟ್ಟಲು ಯಾವ ಪ್ರಯೋಜನವೂ ಇರಲಿಲ್ಲ.

ನಷ್ಟವನ್ನೂ ಹೇಳಬೇಕು. ಮೂಡಣ ಬಾಗಿಲನ್ನು ಒಡೆಯುವಾಗ ಮಧ್ಯಯುಗದ ಕಟ್ಟಡದ ಒಡಲಲ್ಲಿ ರೋಮನರ ಬಾಗಿಲಿನ ಕಮಾನುಗಳು ಹುದುಗಿದ್ದುದು ಕಂಡುಬಂದಿತು. ಹದಿನಾರು ಹದಿನೇಳು ನೂರು ವರ್ಷಗಳ ವಸ್ತು ಕೆಲವು ದಿನ ಬೆಳಕನ್ನು ಕಂಡು ಹಾಳಾಯಿತು. ನೋಡಿದವರು ವರ್ಣಿಸಿದ ಮಾತುಗಳಷ್ಟೇ ನಮಗೆ ಉಳಿದಿರುವುದು.

ಮುಂದಣ ಶತಮಾನಗಳಲ್ಲಿ ಇದೇ ಪದ್ಧತಿ ಸಾಗಿತು. ೧೮೪೦ರ ದಶಕದಲ್ಲಿ ಹಾಲಿಹೆಡ್ಡಿಗೆ ಹೋಗುವ ರೈಲುದಾರಿ ವಾಯವ್ಯ ಮೂಲೆಯನ್ನು ಸೀಳಿಕೊಂಡು ಹೋಯಿತು; ನಡಿಗೆಯವರು ಅದರ ಮೇಲೆ ದಾಟಿದರು. ೧೯೩೮ರಲ್ಲಿ ಹೊಸಬಾಗಿಲಿನ ಪಕ್ಕದಲ್ಲಿ ದೊಡ್ಡ ರಸ್ತೆಗಾಗಿ ಕೆಂಗಲ್ಲಿನ ಕಮಾನೊಂದು ಎದ್ದಿತು. ಆ ರಸ್ತೆಯನ್ನು ನೇರವಾಗಿ ಒಯ್ಯಬೇಕೆಂದಿದ್ದಾಗ, ೧೯೨೯ರಲ್ಲಿ ಗೋಡೆಯ ಹೊರಗೆ ರೋಮನರ ವರ್ತುಲ ರಂಗಭೂಮಿ ಪತ್ತೆಯಾಗಿ, ಊರಿನ ಪ್ರಾಚ್ಯಶೋಧನ ಸಂಘದವರು ಹಣ ಕೂಡಿಸಿ ಹೋರಾಡಿ ರಸ್ತೆಯನ್ನೇ ಬಾಗಿಸಿದರು. ೧೯೬೬ರಲ್ಲಿ ಇನ್ನೊಂದು ರಸ್ತೆಗಾಗಿ ಗೋಡೆಯನ್ನು ಕಡಿದಾಗಲೂ ಸೇಂಟ್ ಮಾರ್ಟಿನ್ ಬಾಗಿಲೆಂಬ ಹೆಸರಿನಲ್ಲಿ ಕಾಂಕ್ರೀಟಿನ ಕಾಲುಸೇತುವೆ ಬಂದಿತು. ಕೋಟೆಗೆ ಮೋಟಾರು ಯುಗದಲ್ಲಿ ಹೊಸ ಬಾಗಿಲು ಹುಟ್ಟಿದುದು ಬಲು ಅಪರೂಪವೆಂದೇ ತೋರುತ್ತದೆ.

ಪಂಡಿತರಿಗೆ ಅತ್ಯಂತ ಮುಖ್ಯವಾದ ಪ್ರಸಂಗವನ್ನು ಕಾಲಕ್ರಮ ಬಿಟ್ಟು ಇಲ್ಲಿಗೆ ಉಳಿಸಿಕೊಂಡಿದ್ದೇನೆ. ೧೮೮೦ರ ದಶಕದಲ್ಲಿ ಉತ್ತರದ ಗೋಡೆ ಶಿಥಿಲವಾಗಿ, ಮೇಲೆ ನಡೆಯುವವರಿಗೆ ಅಪಾಯವೆಂದು ಕಂಡುಬಂದುದರಿಂದ ಪೌರಸಭೆಯ ಎಂಜಿನಿಯರಾದ ಮ್ಯಾಥ್ಯೂಸ್ ಜೋನ್ಸ್ ದುರಸ್ತಿಗೆ ಕೈಹಾಕಿದನು. ಗೋಡೆಯ ಕೆಳವರಸೆಗಳನ್ನು ಬಿಚ್ಚುತ್ತಲೇ ಒಳಗಿನಿಂದ ಕೆತ್ತನೆಯ ಕಲ್ಲುಗಳು ಹೊರಬಂದುವು. ೧೮೯೨ರವರೆಗೆ ಕೆಲಸ ನಡೆಯುವಷ್ಟರಲ್ಲಿ ಬರಹ ಅಥವಾ ಶಿಲ್ಪವುಳ್ಳ ನೂರಕ್ಕೂ ಮಿಕ್ಕ ಕಲ್ಲುಗಳು ದೊರೆತುವು. ಅವುಗಳಲ್ಲಿ ಬಹುಭಾಗ ರೋಮನ್ ದಂಡಿನವರ ಸಮಾಧಿಶಿಲೆಗಳು. ಹಾಳು ಗುಡಿಯ ಶಾಸನದ ಕಲ್ಲನ್ನು ತೂಬಿಗೋ ಬಾವಿಕಟ್ಟೆಗೋ ಇಟ್ಟುಕೊಂಡಿರುವುದನ್ನು ಹಳ್ಳಿಗಳಲ್ಲಿ ಕಂಡಿರುವ ನಮ್ಮವರಿಗೆ ಇಂಥ ಮರುಬಳಕೆ ಆಶ್ಚರ್ಯವನ್ನು ಉಂಟುಮಾಡದು. ಯಾವಾಗಲೋ ಗೋಡೆಯನ್ನು ಭದ್ರಪಡಿಸುವ ಅವಸರದಲ್ಲಿ ಹತ್ತಿರದ ಸ್ಮಶಾನದ ಕಲ್ಲುಗಳನ್ನು ಕಿತ್ತು ತುಂಬಿದ್ದರು.

ಯಾವಾಗ ಎಂಬುದರ ಮೇಲೆ ವಾದ ಹತ್ತಿಕೊಂಡಿತು. ವಾಟ್ಕಿನ್ ಎಂಬ ವಿದ್ವಾಂಸನು ೧೮೮೬ರಲ್ಲಿ ‘ರೋಮನ್ ಚೆಷೈರ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದನು. ನೆಲದ ಮೇಲೆ ಕಾಣುವ ಗೋಡೆಯಲ್ಲಿ ರೋಮನರದು ಏನೂ ಇಲ್ಲವೆಂಬುದು ಅವನ ಪಕ್ಷ. ರೋಚ್ ಸ್ಮಿತ್ ಮೊದಲಾದವರದು ಪ್ರತಿಪಕ್ಷ. ಒಬ್ಬರು ಕಲ್ಲುಗಳ ಜೋಡಣೆಯನ್ನೂ, ಒಬ್ಬರು ಗಾರೆಯನ್ನೂ, ಮತ್ತೊಬ್ಬರು ಮೇಲ್ಗಡೆಯ ಅಂಚುಪಟ್ಟಿಯನ್ನೂ ಆಧಾರವಾಗಿ ಹಿಡಿದು ಬರೆದರು. ಇವುಗಳಲ್ಲಿ ಹಲವನ್ನು ಅರ್‌ವೇಕರ್ ಎಂಬಾತನು ೧೮೮೮ರಲ್ಲಿ ಒಂದು ಪುಸ್ತಕವಾಗಿ ಸಂಪಾದಿಸಿದನು. ಮುಂದೆ ಹ್ಯಾವರ್‌ಫೀಲ್ಡ್ ಪಂಡಿತನು ಶೋಧನೆಯನ್ನು ಮುಂದುವರಿಸಿ ಕಲ್ಲುಗಳನ್ನು ಪಟ್ಟಿಮಾಡಿದನು. ಉತ್ತರದ ಗೋಡೆಯ ಕೆಳಭಾಗ ರೋಮನರದೇ, ಸಮಾಧಿಶಿಲೆಗಳು ಒಳಸೇರಿದುದು ರೋಮನ್ ಆಳ್ವಿಕೆಯ ಉತ್ತರಕಾಲದ ದುರಸ್ತಿಯಲ್ಲಿ ಎಂಬುದು ಈಗಿನ ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಆ ಶಿಲೆಗಳು ಇಂದು ಊರಿನ ಗ್ರೋವ್‌ನರ್ ವಸ್ತುಸಂಗ್ರಹಾಲಯದಲ್ಲಿವೆ. ಸ್ಪೇನಿನ ಎಮೆರಿಟ ಪಟ್ಟಣದಿಂದ ಬಂ​ದು, ಹದಿನೈದು ವರ್ಷ ಸೇವೆಮಾಡಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ಕೇಸಿಲಿಯಸ್ ಅವೀಟಸ್ ಕೈಯಲ್ಲಿ ಕೋಲನ್ನೂ ಬರೆಯುವ ಹಲಗೆಗಳನ್ನೂ ಹಿಡಿದು ನಿಂತಿದ್ದಾನೆ. ಮಾರ್ಕಸ್ ಅರೀಲಿಯಸ್ ನೇಪೋಸ್ ಎಂಬ ಶತಾಧಿಪತಿಗೆ ಅವನ ಹೆಂಡತಿ ಕಲ್ಲು ನಿಲ್ಲಿಸಿದ್ದಾಳೆ. ಪಕ್ಕದಲ್ಲಿ ತನ್ನ ರೂಪವನ್ನೂ ಕೆತ್ತಿಸಿದ್ದಾಳೆ. ಆದರೆ ಅವಳ ರೂಪದ ಕೆಳಗೆ ಬರಹಕ್ಕೆಂದು ಬಿಟ್ಟ ಜಾಗ ಬರಿದಾಗಿಯೇ ಇದೆ. ಅವಳ ಹೆಸರು ನಮಗೆ ತಿಳಿಯದು. ಮತ್ತೊಂದು ಕಲ್ಲು ಶತಾಧಿಪತಿಯ ಪದವಿಗೆ ಕಾಯುತ್ತಿದ್ದು ಹಡಗೊಡೆದು ಸತ್ತವನದು. ‘ಇಲ್ಲಿ ಮಲಗಿದ್ದಾನೆ’ ಎಂಬ ರೂಢಿಯ ಮೂರು ಅಕ್ಷರಗಳಲ್ಲಿ ‘ಇಲ್ಲಿ’ ಎಂಬುದರ ಅಕ್ಷರವನ್ನು ಮಾತ್ರ ಕೆತ್ತದೆ ಜಾಗ ಬಿಟ್ಟಿದೆ. ದೇಹ ಸಿಕ್ಕಿದರೆ ಕೆತ್ತುವೆವೆಂದು ಬಿಟ್ಟುದಾಗಿ ವಿದ್ವಾಂಸರು ಊಹಿಸುತ್ತಾರೆ. ಉದ್ದವಾದ ಧ್ವಜವನ್ನು ಹಿಡಿದು ಕುದುರೆಯೇರಿದ ಸರ್ಮೇಷಿಯದ ಸವಾರನೊಬ್ಬನ ಸವೆದ ಶಿಲೆಯೂ ಅಲ್ಲಿದೆ. ವೀರಗಲ್ಲುಗಳನ್ನು ಓದಿ ಬಲ್ಲವರು ಇವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಸಹಜ.

ಇವು ದೊರೆತುದು ಪ್ರಾಚ್ಯಶೋಧಕರ ಯೋಜನೆಯಿಂದಲ್ಲ. ಸಂಜೆಯ ಹೊತ್ತು ತಿರುಗಾಡುವವರು ಬಿದ್ದು ಸಾಯಬಾರದೆಂಬ ಎಚ್ಚರದಿಂದ. ಮೂಡಣ ಬಾಗಿಲಿನ ರೋಮನ್ ಕಮಾನುಗಳನ್ನು ಹಾಳುಮಾಡಿದುದೂ ಈ ಶಿಲೆಗಳನ್ನು ಹೊರತೆಗೆದುದೂ ಒಂದೇ ದಾರಿಯ ಉಪಚಾರ. ಕೋಟೆಯನ್ನು ಅದರ ಮೂಲರೂಪದಲ್ಲಿ ಬಯಸುವ ಇತಿಹಾಸಕಾರರು ಚೆಸ್ಟರಿನ ಗೋಡೆಯನ್ನು ಅರ್ಧ ಕೃತಕವೆಂದು ಹೀಗಳೆಯುವುದುಂಟು. ಅವರ ಮಾತು ಸುಳ್ಳಲ್ಲ. ಆದರೆ ಅವರು ಬಯಸುವ ಪವಿತ್ರವಾದ ಕೋಟೆ ಯಾವ ಕಾಲದಲ್ಲಿಯೂ ನಮ್ಮ ಆಯ್ಕೆಗೆ ಇರಲಿಲ್ಲ. ಇದ್ದುದು ಎರಡೇ, ಮಾರ್ಪಟ್ಟ ಗೋಡೆ, ಇಲ್ಲವೆ ಬರಿಯ ನೆಲ. ನನ್ನ ಮಟ್ಟಿಗೆ ಮೊದಲನೆಯದೇ ಮೇಲು.

ಸಾಹಿತ್ಯದಲ್ಲಿಯೂ ಈ ದಾರಿ ತನ್ನ ಗುರುತನ್ನು ಬಿಟ್ಟಿದೆ. ಅಮೆರಿಕದ ಹೆನ್ರಿ ಜೇಮ್ಸ್ ೧೮೭೨ರಲ್ಲಿ ಇಲ್ಲಿಗೆ ಬಂದು ಗೋಡೆಯ ನಡಿಗೆಯನ್ನು ಕುರಿತು ಪ್ರಬಂಧ ಬರೆದನು. ಮೂವತ್ತು ವರ್ಷಗಳ ಮೇಲೆ, ೧೯೦೩ರಲ್ಲಿ ಪ್ರಕಟವಾದ ‘ದಿ ಅಂಬ್ಯಾಸಡರ್ಸ್’ ಕಾದಂಬರಿಯ ಆರಂಭದಲ್ಲಿ, ಹೊಸ ನಾಡಿನಿಂದ ಬಂದಿಳಿದ ನಡುವಯಸ್ಸಿನ ನಾಯಕನನ್ನು ಇದೇ ಗೋಡೆಯ ಮೇಲೆ ನಡೆಸಿದನು. ಹಳೆಯ ಖಂಡದ ಮೊದಲ ರುಚಿಯನ್ನು ಕಾಣಿಸಲು ಅವನು ಅರಮನೆಯನ್ನಾಗಲಿ ದೇವಾಲಯವನ್ನಾಗಲಿ ಆರಿಸಿಕೊಳ್ಳದೆ ಊರ ಜನರು ದಿನವೂ ತುಳಿಯುವ ದಾರಿಯನ್ನು ಆರಿಸಿಕೊಂಡನೆಂಬುದನ್ನು ಪಾಠ ಹೇಳುವವರು ಗಮನಿಸಬಹುದು.

ನಾರುಬಟ್ಟೆಯ ವ್ಯಾಪಾರ ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಕ್ಷೀಣಿಸಿ, ಗೋಡೆಗೆಂದೇ ಇದ್ದ ವರಮಾನ ಬತ್ತಿತು. ೧೮೩೫ರ ಶಾಸನದಿಂದ ಹಳೆಯ ಪೌರಸಭೆಯ ಜಾಗದಲ್ಲಿ ಹೊಸದು ಬಂದು, ಗೋಡೆಯ ಭಾರವನ್ನು ಊರ ತೆರಿಗೆಯೇ ಹೊರಬೇಕಾಯಿತು. ಇಂದು ಅದು ರಕ್ಷಿತ ಸ್ಮಾರಕ. ೨೦೦೯ರಲ್ಲಿ ಏರ್ಪಟ್ಟ ಚೆಷೈರ್ ವೆಸ್ಟ್ ಮತ್ತು ಚೆಸ್ಟರ್ ಸಭೆ ಅದನ್ನು ನೋಡಿಕೊಳ್ಳುತ್ತದೆ. ೨೦೦೮ನೆಯ ಏಪ್ರಿಲಿನಲ್ಲಿ ಮೂಡಣ ಬಾಗಿಲಿಗೆ ದಕ್ಷಿಣದಲ್ಲಿ ಗೋಡೆಯ ಒಂದು ಭಾಗ ಕುಸಿದು, ಅದನ್ನು ಮತ್ತೆ ಕಟ್ಟಲು ವರ್ಷಗಳೇ ಹಿಡಿದುವು. ೨೦೨೦ನೆಯ ಜನವರಿಯಲ್ಲಿ ಮೂಡಣ ಪಾರ್ಶ್ವದಲ್ಲಿಯೇ ಮತ್ತೊಂದು ಭಾಗ ಬಿದ್ದಿತು. ಅಲ್ಲಿ ದಾರಿಯನ್ನು ಮುಚ್ಚಿದರು. ಸುತ್ತು ಬರುವವರು ಬೀದಿಗಿಳಿದು, ಗಾಡಿಗಳ ನಡುವೆ ಸ್ವಲ್ಪ ದೂರ ನಡೆದು, ಮುಂದಣ ಮೆಟ್ಟಿಲುಗಳಿಂದ ಗೋಡೆಯನ್ನು ಮತ್ತೆ ಏರಬೇಕಾಯಿತು.